ಕೊಡಗಿನಲ್ಲಿ ಕಾಫಿ ಪುಡಿ ಎಲ್ಲಿ ಕೊಳ್ಳಬೇಕು? ಮೂರು ಬಗೆಯ ಅಂಗಡಿಗಳ ವಿಮರ್ಶೆ

ಕುಶಾಲನಗರ ದಾಟಿ ಮಡಿಕೇರಿ ಕಡೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ಜೇನು, ಏಲಕ್ಕಿ, ಹೋಂ ಮೇಡ್ ಚಾಕೊಲೇಟ್ ಜೊತೆಗೆ 'ಕೂರ್ಗ್ ಕಾಫಿ' ಎಂಬ ಫಲಕ ಸಾಲುಸಾಲಾಗಿ ಕಾಣುತ್ತದೆ. ಅದೇ ಊರುಗಳ ಒಳಪೇಟೆಯಲ್ಲಿ, ಹುರಿದ ವಾಸನೆಯಿಂದಲೇ ಪತ್ತೆಯಾಗುವ ಕಾಫಿ ವರ್ಕ್ಸ್‌ಗಳಿವೆ. ಗಿರಾಕಿಯ ಎದುರೇ ಬೀಜ ತೂಗಿ ಪುಡಿ ಮಾಡಿ ಕೊಡುವ ಅಂಗಡಿಗಳು ಅವು. ಮೂರನೆಯದು, ತೋಟದವರೇ ತಮ್ಮ ಹೆಸರಿನಲ್ಲಿ ಪ್ಯಾಕ್ ಮಾಡಿ ಕೊರಿಯರ್‌ನಲ್ಲಿ ಕಳಿಸುವ ಪುಡಿ. ಲೋಟದಲ್ಲಿ ಸಿಗುವ ರುಚಿಯ ಜೊತೆಗೆ ತೋಟದ ಮರ, ತೋಡಿನ (ಸಣ್ಣ ಹಳ್ಳದ) ನೀರು, ಬೆಳೆಗಾರನ ಕೈಸೇರುವ ಹಣ ಇವನ್ನೂ ಲೆಕ್ಕಕ್ಕೆ ಹಿಡಿದು ಈ ಮೂರನ್ನು ತೂಗಿದ್ದೇವೆ.

ದಿನಬಳಕೆಗೆ ನಮ್ಮ ಆಯ್ಕೆ ಒಳಪೇಟೆಯ ಕಾಫಿ ವರ್ಕ್ಸ್. ಪುಡಿ ತಾಜಾ, ಬೆಲೆ ನ್ಯಾಯದ್ದು, ಮನೆಯಿಂದ ಡಬ್ಬಿ ಒಯ್ದರೆ ಕವರಿನ ಕಸವೂ ಇಲ್ಲ. ಕೊರತೆ ಒಂದೇ, ಆದರೆ ದೊಡ್ಡದು: ಬೀಜ ಯಾವ ಕಡೆಯದು, ಹೇಗೆ ಸಂಸ್ಕರಿಸಿದ್ದು ಎಂದು ಕೇಳದ ಹೊರತು ಯಾರೂ ಹೇಳುವುದಿಲ್ಲ. ತೋಟದವರ ಪ್ಯಾಕೆಟ್ ಈ ಕೊರತೆಯನ್ನು ತುಂಬುತ್ತದೆ, ಹಣ ಮಾತ್ರ ಹೆಚ್ಚು. ಹೆದ್ದಾರಿಯ ಪ್ಯಾಕೆಟ್ಟನ್ನು ಲೇಬಲ್ ಪೂರ್ತಿ ಓದದೆ ಕೊಳ್ಳಬೇಡಿ.

ಹೆದ್ದಾರಿಯದನ್ನು ಮೊದಲು ಮುಗಿಸಿಬಿಡೋಣ. 'ಕೂರ್ಗ್ ಕಾಫಿ' ಎಂಬ ಎರಡು ಪದ ಏನನ್ನೂ ಖಾತ್ರಿಪಡಿಸುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆ (ಇಂಥ ಪ್ರದೇಶದ್ದೇ ಎಂಬ ಕಾನೂನಿನ ಗುರುತು) ಸಿಕ್ಕಿದ್ದು 'ಕೂರ್ಗ್ ಅರೇಬಿಕಾ ಕಾಫಿ'ಗೆ. ಕೊಡಗಿನಲ್ಲಿ ಬೆಳೆಯುವುದರಲ್ಲಿ ಹೆಚ್ಚಿನ ಪಾಲು ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ. ಹಾಗಾಗಿ ಪ್ಯಾಕೆಟ್ಟಿನಲ್ಲಿರುವುದು ಅರೇಬಿಕಾವೋ ರೋಬಸ್ಟಾವೋ, ಚಿಕೋರಿ (ಕಾಫಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಎಷ್ಟು ಎಂಬುದು ಅಚ್ಚಾಗಿರಲೇಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಹಾಕಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. 14 ಅಂಕಿಯ ಲೈಸೆನ್ಸ್ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ಪ್ರಮಾಣ ಈ ಮೂರರಲ್ಲಿ ಒಂದಿಲ್ಲದಿದ್ದರೂ ಪ್ಯಾಕೆಟ್ಟನ್ನು ಇದ್ದಲ್ಲೇ ಇಡಿ. ಪ್ಯಾಕ್ ಮಾಡಿದ ದಿನಾಂಕವೇ ಹುರಿದ ದಿನಾಂಕ ಎಂದು ತಿಳಿಯುವುದೂ ತಪ್ಪು. ತಿಂಗಳ ಹಿಂದೆ ಹುರಿದು ಮೂಟೆಯಲ್ಲಿಟ್ಟದ್ದನ್ನು ನಿನ್ನೆ ಪ್ಯಾಕ್ ಮಾಡಿರಬಹುದು.

ಇನ್ನು ಕಾಫಿ ವರ್ಕ್ಸ್. ಒಳಗೆ ಹೋದವರು ಮೊದಲು ಕೇಳಬೇಕಾದ್ದು ಹಸಿ ಬೀಜ, ಅಂದರೆ ಹುರಿಯದ ಬೀಜ. ಒಂದು ಹಿಡಿ ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿಯಿರಿ. ನೀರಿನಲ್ಲಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೀಜ ಬೂದಿ ಮಿಶ್ರಿತ ಹಸಿರು. ಹಣ್ಣಿನೊಂದಿಗೇ ಕಣದಲ್ಲಿ ಒಣಗಿದ ಚೆರಿ ಬೀಜಕ್ಕೆ ಕಂದು ಹಳದಿ ಛಾಯೆ. ಎರಡೂ ಸರಿಯೇ. ನೋಡಬೇಕಾದ್ದು ಕಪ್ಪಾದ ಬೀಜ, ಮುರುಕು, ಮತ್ತು ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ತೂತು. ತೂತು ಕಾಯಿಕೊರಕದ ಗುರುತು. ಕೊಯ್ಲಿನ ಕೊನೆಗೆ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿಯನ್ನು ಆರಿಸದ ತೋಟದಲ್ಲಿ ಆ ಹುಳ ಮುಂದಿನ ಬೆಳೆಗೂ ಕಾದು ಕೂತಿರುತ್ತದೆ. ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಪೀಬರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ), ಎ, ಬಿ, ಸಿ ಎಂದು ವಿಂಗಡಿಸಿದ ಮೇಲೆ ಉಳಿಯುವ ಮುರುಕು, ಕಪ್ಪು, ಕಂದು ಬೀಜಕ್ಕೆ 'ಬಿಬಿಬಿ' ಎಂದು ಹೆಸರು. ಅಗ್ಗದ ಪುಡಿಯ ಅಗ್ಗದ ಗುಟ್ಟು ಬಹುಪಾಲು ಇದೇ. ಇದ್ದಿಲಿನಂತೆ ಕಪ್ಪಗೆ, ಎಣ್ಣೆ ಜಿನುಗುವಂತೆ ಹುರಿದರೆ ಕೆಟ್ಟ ಬೀಜದ ವಾಸನೆ ಮುಚ್ಚಿಹೋಗುತ್ತದೆ. ಹಸಿ ಬೀಜ ತೋರಿಸಲು ಹಿಂಜರಿಯುವ ಅಂಗಡಿಯ ಕಪ್ಪು ಹುರಿಗೆ ನಮ್ಮಿಂದ ಅಂಕವಿಲ್ಲ.

ಗ್ರೈಂಡರಿನ ವಿಷಯಕ್ಕೂ ಗಮನ ಬೇಕು. ಹಿಂದಿನ ಗಿರಾಕಿಯ ಪುಡಿ ಒಳಗೆ ಸ್ವಲ್ಪ ಉಳಿದಿರುತ್ತದೆ. ಒಂದು ಹಿಡಿ ಬೀಜ ಹಾಕಿ ಓಡಿಸಿ ಆ ಪುಡಿಯನ್ನು ಬದಿಗಿಡುವ ಅಂಗಡಿಯವರು ಕಸುಬು ಬಲ್ಲವರು. ಡಬ್ಬಿ ಒಯ್ಯುವುದಾದರೆ ಸ್ಟೀಲಿನದು ಒಳ್ಳೆಯದು, ಹಿಂದಿನ ದಿನವೇ ತೊಳೆದು ಬಿಸಿಲಿಗೆ ಒಣಗಿಸಿರಬೇಕು. ಖಾಲಿ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಸಿದ ಮೇಲೆ ಪುಡಿ ಹಾಕಿಸಿ. ಪುಡಿ ಗ್ರೈಂಡರಿನಿಂದ ಬೆಚ್ಚಗೆ ಇಳಿಯುತ್ತದೆ. ತಕ್ಷಣ ಗಟ್ಟಿಯಾಗಿ ಮುಚ್ಚಿದರೆ ಮುಚ್ಚಳದ ಒಳಗೆ ಪಸೆ ಕಟ್ಟಿ ಎರಡೇ ದಿನದಲ್ಲಿ ಗಂಟಾಗುತ್ತದೆ. ಅರ್ಧ ಗಂಟೆ ಸಡಿಲವಾಗಿ ಮುಚ್ಚಿಟ್ಟು ಆಮೇಲೆ ಬಿಗಿ ಮಾಡಿ. ಒಮ್ಮೆಗೆ ಕಾಲು ಕೆಜಿ, ಹೆಚ್ಚೆಂದರೆ ಅರ್ಧ ಕೆಜಿ ಸಾಕು, ಎರಡು ವಾರ ದಾಟಿದ ಪುಡಿಯಲ್ಲಿ ಘಮ ಹುಡುಕಬೇಕಾಗುತ್ತದೆ. ಫ್ರಿಜ್ಜಿನಲ್ಲಿಡುವುದು ಬೇಡ. ತೆಗೆದು ಮುಚ್ಚುವಾಗಲೆಲ್ಲ ನೀರು ಹಿಡಿಯುತ್ತದೆ.

ಚಿಕೋರಿ ಬೆರಕೆಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ, ಅಲುಗಾಡಿಸದೆ ಮೇಲಿಂದ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕೆಲವೇ ಕ್ಷಣದಲ್ಲಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯುತ್ತದೆ. ಶೇಕಡಾವಾರು ಎಷ್ಟು ಎಂದು ಇದರಿಂದ ಹೇಳಲಾಗದು, ತೀರಾ ನುಣ್ಣಗೆ ಮಾಡಿದ ಪುಡಿಯೂ ಬೇಗ ಮುಳುಗುತ್ತದೆ. ಆದರೆ 'ಪ್ಯೂರ್' ಎಂದು ಕೊಟ್ಟದ್ದರಲ್ಲಿ ಗೆರೆ ಕಂಡರೆ ಡಬ್ಬಿಯನ್ನು ವಾಪಸ್ ಒಯ್ದು ಕೇಳುವ ಹಕ್ಕು ನಿಮಗಿದೆ. ಚಿಕೋರಿಯನ್ನು ನಾವು ಹೀನಾಯ ಮಾಡುತ್ತಿಲ್ಲ. ದಪ್ಪ ಡಿಕಾಕ್ಷನ್ ಬೇಕೆನ್ನುವವರಿಗೆ ಶೇ. 15–20 ಚಿಕೋರಿ ಒಗ್ಗುತ್ತದೆ. ಅದು ಬರುವುದು ಗುಜರಾತ್, ಉತ್ತರ ಪ್ರದೇಶದ ಹೊಲಗಳಿಂದ. ಅದಕ್ಕೆ ಕೊಟ್ಟ ದುಡ್ಡು ಕೊಡಗಿನ ತೋಟಕ್ಕೆ ಬರುವುದಿಲ್ಲ ಎಂಬುದು ಗೊತ್ತಿದ್ದರೆ ಸಾಕು.

ಬೆಲೆ ನ್ಯಾಯವೇ ಎಂದು ನೋಡಲು ಗಿರಾಕಿಯೂ 'ಓಟಿ' ಲೆಕ್ಕ ಕಲಿಯಬೇಕು. ಕೊಡಗಿನಲ್ಲಿ ರೋಬಸ್ಟಾ ಚೆರಿ ಮಾರಾಟ 50 ಕೆಜಿ ಮೂಟೆಗೆ. ವ್ಯಾಪಾರಿ ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ ತೂಗಿ, 50 ಕೆಜಿಗೆ ಎಷ್ಟು ಕೆಜಿ ಶುದ್ಧ ಬೀಜ ಬರುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಸಾಮಾನ್ಯವಾಗಿ 26ರಿಂದ 28. ಅದೇ ಔಟ್‌ಟರ್ನ್, ಊರ ಬಾಯಲ್ಲಿ ಓಟಿ. ದರ ಹೇಳುವುದೂ ಓಟಿಗೆ ಇಷ್ಟು ಎಂದೇ. ಲೆಕ್ಕಕ್ಕೆ ಓಟಿಗೆ 400 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಂದರೆ ಶುದ್ಧ ಬೀಜ ಕೆಜಿಗೆ 400. ಹುರಿದಾಗ ತೂಕದಲ್ಲಿ ಶೇ. 15–18 ಹೋಗುತ್ತದೆ. ಅಲ್ಲಿಗೆ ಹುರಿದ ಬೀಜದ ಅಸಲೇ 470ರಿಂದ 490. ಕ್ಯೂರಿಂಗ್, ಗ್ಯಾಸು, ಕರೆಂಟು, ಸಂಬಳ, ಬಾಡಿಗೆ ಎಲ್ಲ ಇದರ ಮೇಲೆ. ಆ ದರದ ದಿನ 'ಪ್ಯೂರ್ ರೋಬಸ್ಟಾ' 400ಕ್ಕೆ ಸಿಗುತ್ತಿದ್ದರೆ ಅದರಲ್ಲಿ ಚಿಕೋರಿ ಇದೆ, ಇಲ್ಲವೇ ಬಿಬಿಬಿ ಇದೆ, ಇಲ್ಲವೇ ಎರಡೂ ಇವೆ. ಅಂದಂದಿನ ಪೇಟೆ ಧಾರಣೆ ನೋಡಿ ಇದೇ ಗುಣಾಕಾರ ಮಾಡಿ. ಅತಿ ಅಗ್ಗ ಬೇಕೆಂಬ ಗಿರಾಕಿಯ ಹಟ ಕೊನೆಗೆ ತಲುಪುವುದು ಕೊಯ್ಲಿಗೆ. ಹಣ್ಣಾದದ್ದನ್ನು ಮಾತ್ರ ಕೊಯ್ಯಲು ಒಂದೇ ಗಿಡಕ್ಕೆ ಎರಡು ಮೂರು ಸಲ ಆಳು ಬೇಕು. ಅಷ್ಟು ಕೂಲಿ ಗಿಟ್ಟದಾಗ ಬೆಳೆಗಾರರು ಹಸಿರು ಕಾಯಿ, ಹಣ್ಣು, ಒಣಗಿದ್ದು ಎಲ್ಲವನ್ನೂ ಒಂದೇ ಸಲ ಉದುರಿಸಿಬಿಡುತ್ತಾರೆ.

ಈಗ ನೀರಿನ ಮಾತು. ಪೇಟೆಯಲ್ಲಿ ಯಾರೂ ಎತ್ತದ ಮಾತು ಇದು, ನಮಗೆ ಮುಖ್ಯವಾಗಿ ಕಂಡದ್ದೂ ಇದೇ.

ಪಾರ್ಚ್‌ಮೆಂಟ್ ಮಾಡುವಾಗ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜದ ಮೇಲೆ ಉಳಿಯುವ ಲೋಳೆ ಹುಳಿಯಲು ಅರೇಬಿಕಾಕ್ಕೆ ಒಂದು ಒಂದೂವರೆ ದಿನ ಬೇಕು, ರೋಬಸ್ಟಾಕ್ಕೆ ಇನ್ನೂ ಹೆಚ್ಚು. ಆಮೇಲೆ ತೊಳೆದು, ಕಣದಲ್ಲಿ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ರಾತ್ರಿ ಮುಚ್ಚಿ, ತೇವ ಶೇ. 10ಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ. ಈ ತೊಳೆದ ನೀರಿನಲ್ಲಿ ಲೋಳೆಯ ಸಕ್ಕರೆಯೆಲ್ಲ ಕರಗಿರುತ್ತದೆ, ಹುಳಿ ಬೇರೆ. ಹಾಗೇ ತೋಡಿಗೆ ಬಿಟ್ಟರೆ ಸೂಕ್ಷ್ಮಾಣುಗಳು ಆ ಸಕ್ಕರೆಯನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನೂ ಮುಗಿಸಿಬಿಡುತ್ತವೆ. ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತದೆ. ಪಲ್ಪಿಂಗ್ ನಡೆಯುವುದು ನವೆಂಬರ್‌ನಿಂದ ಫೆಬ್ರುವರಿವರೆಗೆ, ಅಂದರೆ ಮಳೆ ನಿಂತು ತೋಡು ಬತ್ತುತ್ತಾ ಬರುವ ಕಾಲದಲ್ಲಿ. ಕೊಳೆಯನ್ನು ತೊಳೆದೊಯ್ಯುವಷ್ಟು ಹರಿವು ಆಗ ಇರುವುದಿಲ್ಲ. ಕೊಡಗಿನ ಬಹುಪಾಲು ತೋಡುಗಳು ಕೊನೆಗೆ ಸೇರುವುದು ಕಾವೇರಿಗೆ.

ಸರಿಯಾಗಿ ಮಾಡುವ ತೋಟದಲ್ಲಿ ಸಿಪ್ಪೆಯನ್ನು ನೀರಿನಿಂದ ಬೇರೆ ಮಾಡಿ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಪಲ್ಪರ್ ನೀರನ್ನೇ ತಿರುಗಿ ಬಳಸುತ್ತಾರೆ. ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ಮುರಿದು, ಹೊಂಡಗಳಲ್ಲಿ ನಿಲ್ಲಿಸಿ ಕೊಳೆಸಿ, ಆಮೇಲೆ ತೋಟಕ್ಕೇ ಹಾಯಿಸುತ್ತಾರೆ. ಲೋಳೆಯನ್ನು ಯಂತ್ರವೇ ಉಜ್ಜಿ ತೆಗೆಯುವ ಇಕೋ ಪಲ್ಪರ್ ಬಂದ ಮೇಲೆ ನೀರಿನ ಬಳಕೆ ಬಹಳ ಇಳಿದಿದೆ. ಅದರ ಕಷ್ಟಗಳೂ ಇವೆ. ಕರೆಂಟ್ ಹೆಚ್ಚು ಬೇಕು. ಹಣ್ಣಿನ ಗಾತ್ರ ಒಂದೇ ಸಮ ಇಲ್ಲದಿದ್ದರೆ, ಅಂತರ ಸರಿಹೊಂದಿಸದಿದ್ದರೆ ಬೀಜ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಬೀಜ ಹುರಿಯುವಾಗ ಬೇರೆಯವಕ್ಕಿಂತ ಮೊದಲೇ ಸೀದು ಪುಡಿಗೆ ಕಹಿ ಕೊಡುತ್ತದೆ.

ಚೆರಿ ಕಾಫಿಗೆ ಇದ್ಯಾವುದೂ ಬೇಡ. ಹಣ್ಣನ್ನು ಕಣದಲ್ಲಿ ಹರಡಿ ಎರಡು ವಾರದ ಹತ್ತಿರ ಒಣಗಿಸಿದರೆ ಆಯಿತು, ಕೈಯಲ್ಲಿ ಕುಲುಕಿದರೆ ಗಲಗಲ ಅನ್ನಬೇಕು. ಕೊಳಚೆ ನೀರಿನ ಮಟ್ಟಿಗೆ ಅಂಗಡಿಯಲ್ಲಿ ಅತಿ ಸಾಮಾನ್ಯವೆನಿಸಿಕೊಂಡ ರೋಬಸ್ಟಾ ಚೆರಿಯೇ ತೋಡಿಗೆ ಅತಿ ಹಗುರ. ದುಬಾರಿಯದ್ದೆಲ್ಲ ಪರಿಸರಕ್ಕೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಚೆರಿಯ ಅಪಾಯ ಬೂಷ್ಟು. ದಪ್ಪವಾಗಿ ಗುಡ್ಡೆ ಹಾಕಿ, ಅಕಾಲ ಮಳೆಗೆ ನೆನೆಸಿ ಒಣಗಿಸಿದ್ದರೆ ಪುಡಿಯಲ್ಲಿ ಹಳೆ ಗೋಣಿಯ ವಾಸನೆ ಬರುತ್ತದೆ. ಅಂಗಡಿಯಲ್ಲಿ ಹಸಿ ಬೀಜವನ್ನು ಮೂಸಿ ನೋಡಿ ಎನ್ನುವುದು ಇದಕ್ಕೇ. ರೋಬಸ್ಟಾಕ್ಕೆ ಇನ್ನೊಂದು ಲೆಕ್ಕವಿದೆ. ಹೂಮಳೆ ತಡವಾದರೆ ಫೆಬ್ರುವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕಲೇಬೇಕು, ಇಲ್ಲದಿದ್ದರೆ ಹೂವು ಅರಳದು. ಆ ನೀರನ್ನು ತೋಟದ ಕೆರೆಯಲ್ಲಿ ಮಳೆಗಾಲದಲ್ಲೇ ಹಿಡಿದಿಟ್ಟಿದ್ದರೆ ಸರಿ. ಬತ್ತುತ್ತಿರುವ ಹೊಳೆಯಿಂದ ಪಂಪು ಮಾಡಿದರೆ ಕೆಳಗಿನವರ ಪಾಲು ಕಸಿದಂತೆ.

ನೆರಳಿನ ಮಾತಿಗೆ ಬಂದರೆ, 'ನೆರಳಿನಲ್ಲಿ ಬೆಳೆದ ಕಾಫಿ' ಎಂದು ಹೆಮ್ಮೆಯಿಂದ ಅಚ್ಚು ಹಾಕುವ ಪ್ಯಾಕೆಟ್ಟುಗಳು ಬಹಳ. ಕೊಡಗಿನ ಕಾಫಿಯೆಲ್ಲ ಒಂದಲ್ಲ ಒಂದು ಬಗೆಯ ನೆರಳಿನದೇ. ಕೇಳಬೇಕಾದ ಪ್ರಶ್ನೆ ಯಾವ ಮರದ ನೆರಳು ಎಂಬುದು. ಹಲಸು, ಅತ್ತಿ, ನೇರಳೆ, ನಂದಿ, ಮತ್ತಿ, ಬೀಟೆ ಇರುವ ತೋಟ ಬೇರೆ, ಸಾಲಾಗಿ ಸಿಲ್ವರ್ ಓಕ್ ನೆಟ್ಟ ತೋಟ ಬೇರೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲು ಕಾಡುಮರದಷ್ಟು ಕಾಗದಪತ್ರದ ತೊಡಕಿಲ್ಲ. ಬೆಳೆಗಾರರು ಅದನ್ನು ಆರಿಸುವುದಕ್ಕೆ ಕಾರಣ ಅರ್ಥವಾಗುತ್ತದೆ. ಆದರೆ ಹಣ್ಣಿನ ಮರಗಳಿಲ್ಲದ ತೋಟಕ್ಕೆ ಹಣ್ಣು ತಿನ್ನುವ ಹಕ್ಕಿ ಯಾಕೆ ಬಂದೀತು? ಅರೇಬಿಕಾದಲ್ಲಿ ನೆರಳು ತೀರಾ ತೆಳುವಾದರೆ ಬಿಳಿ ಕಾಂಡಕೊರಕ ಹೆಚ್ಚುತ್ತದೆ. ಬಿಸಿಲು ಬೀಳುವ ಕಾಂಡವೇ ಆ ಹುಳಕ್ಕೆ ಇಷ್ಟ, ಹಿಡಿದ ಗಿಡ ಕಿತ್ತು ಸುಡದೆ ಬೇರೆ ದಾರಿ ಇಲ್ಲ. ಹಳೆ ಮರ ಉಳಿಸಿಕೊಂಡವರಿಗೆ ಪುಡಿಯ ಬೆಲೆಯಲ್ಲಿ ಒಂದಿಷ್ಟು ಹೆಚ್ಚು ಸಿಗಬೇಕು ಎಂದು ನಾವು ಒತ್ತಿ ಹೇಳುವುದು ಇದರಿಂದಲೇ.

ಈ ಪ್ರಶ್ನೆಗಳು ವ್ಯಾಪಾರವನ್ನು ಬದಲಿಸಬಲ್ಲವು ಎಂಬುದಕ್ಕೆ ಪುರಾವೆ ಕೊಡಗಿನಲ್ಲೇ ಇದೆ. ಭಾರತದ ಕಾಫಿಯಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ, ಅತಿ ದೊಡ್ಡ ಗಿರಾಕಿ ಇಟಲಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ತಮ್ಮ ಮಾರುಕಟ್ಟೆಗೆ ಬಿಡುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಪಟ್ಟಿಯಲ್ಲಿ ಕಾಫಿ ಇದೆ. ಜಾರಿಯ ದಿನಾಂಕ ಮುಂದೆ ಮುಂದೆ ಹೋಗಿದೆ, ಆದರೂ ತಯಾರಿ ತೋಟದವರೆಗೆ ಬಂದು ಮುಟ್ಟಿದೆ. 4 ಹೆಕ್ಟೇರ್‌ಗಿಂತ ದೊಡ್ಡ ತಾಕಾದರೆ ಸುತ್ತಿನ ಗಡಿಯ ನಕ್ಷೆ, ಚಿಕ್ಕದಾದರೆ ಒಂದು ಬಿಂದುವಿನ ಅಕ್ಷಾಂಶ ರೇಖಾಂಶ ಕೊಡಬೇಕು. ಅಲ್ಲಿನ ಗಿರಾಕಿಯ ಒತ್ತಾಯ ಕಾನೂನಾಗಿ, ಕಾನೂನು ರಫ್ತುದಾರರ ತಲೆನೋವಾಗಿ, ಅವರು ಕ್ಯೂರಿಂಗ್ ವರ್ಕ್ಸ್‌ಗೆ ಹೇಳಿ, ಅಲ್ಲಿಂದ ಬೆಳೆಗಾರನ ಮನೆ ಬಾಗಿಲಿಗೆ ಮೊಬೈಲ್ ಹಿಡಿದವರು ಬರುವಂತಾಯಿತು. ಅದೇ ಕಣದ ಇನ್ನೊಂದು ಮೂಟೆ ಊರ ಪುಡಿ ಅಂಗಡಿಗೆ ಬಂದಾಗ ಅದರ ಊರುಕೇರಿ ಕೇಳುವವರೇ ಇಲ್ಲ.

ಕೌಂಟರಿನಲ್ಲಿ ಹೀಗೆ ಕೇಳಿ: "ಅಣ್ಣ, ಈ ರೋಬಸ್ಟಾ ಚೆರಿಯಾ, ಪಾರ್ಚ್‌ಮೆಂಟಾ? ಯಾವ ಕಡೆಯದು?" "ಎಲ್ಲ ಸೇರಿಸಿದ್ದು ಅಕ್ಕ" ಎಂಬ ಉತ್ತರ ಬಂದರೆ ಅದು ಸುಳ್ಳಲ್ಲ, ವ್ಯಾಪಾರಿಯ ಗೋದಾಮಿನಲ್ಲಿ ನಿಜವಾಗಿಯೂ ಎಲ್ಲ ಸೇರಿರುತ್ತದೆ. "ಬೇರೆ ಇಟ್ಟದ್ದು ಇದ್ದರೆ ಕೆಜಿಗೆ ಸ್ವಲ್ಪ ಹೆಚ್ಚು ಕೊಡ್ತೇವೆ" ಎಂದು ಹೇಳಿ ಬನ್ನಿ. ನಾಲ್ಕು ಗಿರಾಕಿಗಳು ಹೀಗೆ ಹೇಳಿದರೆ, ಸಿದ್ದಾಪುರ ಕಡೆಯದು ಒಂದು ಡ್ರಮ್, ಸೋಮವಾರಪೇಟೆ ಕಡೆಯದು ಇನ್ನೊಂದು ಎಂದು ಬೇರೆ ಇಡಲು ಅಂಗಡಿಗೆ ಖರ್ಚು ಹೆಚ್ಚಿಲ್ಲ. ಎರಡು ಡ್ರಮ್, ಎರಡು ಚೀಟಿ ಸಾಕು.

ತೋಟದವರ ಪ್ಯಾಕೆಟ್ಟಿಗೆ ಈ ವಿಷಯದಲ್ಲಿ ನಮ್ಮಿಂದ ಹೆಚ್ಚು ಅಂಕ. ಒಳ್ಳೆಯವುಗಳ ಮೇಲೆ ತಳಿಯ ಹೆಸರು (ಎಸ್ 795, ಚಂದ್ರಗಿರಿ, ಸಿ ಇಂಟು ಆರ್), ಸಂಸ್ಕರಣೆಯ ಬಗೆ, ಕೊಯ್ಲಿನ ವರ್ಷ, ಹುರಿದ ದಿನಾಂಕ ಎಲ್ಲ ಇರುತ್ತವೆ. ಆದರೂ ಮೂರು ವಿಷಯ ಗಮನದಲ್ಲಿರಲಿ. ಒಂದು, ಬರೀ 'ಸಾವಯವ' ಎಂಬ ಮಾತು. 2017ರ ಸಾವಯವ ಆಹಾರ ನಿಯಮದ ಪ್ರಕಾರ ಪ್ರಮಾಣಪತ್ರ ಬೇಕು, ಪ್ಯಾಕೆಟ್ ಮೇಲೆ ಜೈವಿಕ್ ಭಾರತ್ ಗುರುತು ಬೇಕು. ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರರಿಗೆ ವಿನಾಯಿತಿ ಇದೆ. ಅಂಥವರಿಂದ ಕೊಳ್ಳುವಾಗ ತೋಟ ನೋಡಿ ಬರಬಹುದೇ ಎಂದು ಕೇಳಿ, ಅವರ ಉತ್ತರದಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಎರಡು, ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪರಿಸರ ಪ್ರಮಾಣೀಕರಣ ಸಂಸ್ಥೆಯ ಮುದ್ರೆ ಇಲ್ಲದ್ದಕ್ಕೇ ಸಣ್ಣ ತೋಟವನ್ನು ತಳ್ಳಿಹಾಕುವುದು ನ್ಯಾಯವಲ್ಲ. ತಪಾಸಣೆಯ ಖರ್ಚು ಮತ್ತು ದಾಖಲೆಯ ಕೆಲಸವನ್ನು ಐದಾರು ಎಕರೆಯವರು ಒಬ್ಬರೇ ಹೊರಲಾರರು, ಗುಂಪಾಗಿ ಸೇರಿದರೆ ಮಾತ್ರ ಗಿಟ್ಟುತ್ತದೆ. ಮೂರು, ಹೊದಿಕೆ. ಹೊರಗೆ ಕಂದು ಕಾಗದ ಕಂಡರೂ ಹರಿದು ನೋಡಿದರೆ ಒಳಗೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಅಂಟಿರುತ್ತದೆ. ಪದರಗಳನ್ನು ಬಿಡಿಸಲಾಗದ ಕಾರಣ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಘಮ ಉಳಿಯಲು ಆ ಪದರ ಬೇಕು ಎಂಬುದು ನಿಜ. ಹಾಗಿದ್ದರೆ 100 ಗ್ರಾಮಿನ ಐದು ಪ್ಯಾಕೆಟ್ ಬಿಟ್ಟು ಅರ್ಧ ಕೆಜಿಯದು ಒಂದನ್ನು, ಪುಡಿಯ ಬದಲು ಹುರಿದ ಬೀಜವನ್ನು ತರಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ಉತ್ತಮ. ಬೀಜ ಪುಡಿಗಿಂತ ಹೆಚ್ಚು ದಿನ ಬಾಳುತ್ತದೆ.

ಫಿಲ್ಟರಿಗೆ ಅಳತೆ: ಪುಡಿ 20 ಗ್ರಾಂ, ಕುದಿ ಬಂದು ಅರ್ಧ ನಿಮಿಷ ಇಳಿಸಿಟ್ಟ ನೀರು 120 ಮಿ.ಲೀ. ಪುಡಿಯನ್ನು ಹಗುರವಾಗಿ ಒತ್ತಿ, ಮೊದಲು ನೆನೆಯುವಷ್ಟು ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಉಳಿದದ್ದು ಸುರಿಯಿರಿ. 15 ನಿಮಿಷದ ಆಸುಪಾಸಿನಲ್ಲಿ ಇಳಿಯಬೇಕು. ಮೂರ್ನಾಲ್ಕು ನಿಮಿಷದಲ್ಲಿ ಸುರಿದುಹೋದರೆ ಪುಡಿ ತರಿ, ಅರ್ಧ ಗಂಟೆಯಾದರೂ ನಿಂತೇ ಇದ್ದರೆ ನುಣುಪು ಹೆಚ್ಚು ಅಥವಾ ಚಿಕೋರಿ ಹೆಚ್ಚು. ಮುಂದಿನ ಸಲ ಗ್ರೈಂಡರ್ ಎದುರು ನಿಂತಾಗ ಇದನ್ನೇ ಹೇಳಿ, ಅಂಗಡಿಯವರು ಅಂತರ ಬದಲಿಸಿ ಕೊಡುತ್ತಾರೆ. ಚಿಕೋರಿ ಇಲ್ಲದ ರೋಬಸ್ಟಾ ಚೆರಿ ಕಹಿ ಎನಿಸಿದರೆ ಅರ್ಧದಷ್ಟು ಅರೇಬಿಕಾ ಪಾರ್ಚ್‌ಮೆಂಟ್ ಸೇರಿಸಿ. ನಮ್ಮ ನಾಲಿಗೆಗೆ ಹಾಲಿನ ಕಾಫಿಗೆ ಅತ್ಯುತ್ತಮವಾಗಿ ಕಂಡ ಹದ ಅದೇ. ಉಳಿದ ಚರಟವನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹಸಿಯಾಗಿ ಕುಂಡದಲ್ಲಿ ದಪ್ಪಗೆ ಹರಡಿದರೆ ಹೆಪ್ಪುಗಟ್ಟಿ ನೀರು ಇಳಿಯಲು ಬಿಡುವುದಿಲ್ಲ.